ಕಡಲು ಹಸಿರಾಗುವುದಕ್ಕೆ ನಮ್ಮ ಗದ್ದೆಯ ಯೂರಿಯಾ ಕಾರಣವಾ?

ಕಡಲತಡಿ: ನಮ್ಮದು ಮಲ್ಪೆ ಹತ್ತಿರ. ಕೆಲವು ವರ್ಷ ಮಳೆಗಾಲ ಮುಗಿದ ಮೇಲೆ ಕಡಲು ಹಗಲು ಹಸಿರಾಗಿರುತ್ತದೆ, ರಾತ್ರಿ ಅಲೆ ಒಡೆದಾಗ ನೀಲಿಯಾಗಿ ಮಿನುಗುತ್ತದೆ. ಬೆಂಗಳೂರಿನ ಗೆಳೆಯರು ವೀಡಿಯೊ ತೆಗೆಯಲು ಓಡಿ ಬರುತ್ತಾರೆ. ಬೋಟಿಗೆ ಹೋಗುವ ಮಾವ ಮಾತ್ರ "ಮೀನು ದೂರ ಹೋಯಿತು" ಎಂದು ತಲೆ ಚಚ್ಚಿಕೊಳ್ಳುತ್ತಾರೆ. ಗದ್ದೆಯ ಗೊಬ್ಬರ ಹೊಳೆ ಸೇರಿ ಹೀಗಾಗುತ್ತದೆ ಅಂತಾರಲ್ಲ, ನಿಜವಾ? ತಡೆಯೋಕಾಗುತ್ತಾ?

ಉಪ್ಪುನೀರು: ಅರ್ಧ ನಿಜ. ಮಿನುಗುವುದು ನೊಕ್ಟಿಲೂಕ ಎಂಬ ಸಣ್ಣ ಜೀವಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮುಂಗಾರಿನ ಹೊತ್ತಿಗೆ ಆಳದ ತಣ್ಣೀರು ತಾನಾಗಿಯೇ ಮೇಲೆ ಬರುತ್ತದೆ, ಅದರಲ್ಲಿ ಪಾಚಿಗೆ ಗೊಬ್ಬರದಂತಿರುವ ನೈಟ್ರೇಟ್ ಜಾಸ್ತಿ, ಆಮ್ಲಜನಕ ಕಡಿಮೆ. ಯೂರಿಯಾ ಚೀಲ ಹುಟ್ಟುವ ಮುಂಚಿನಿಂದಲೂ ಇದು ನಡೆದಿದೆ. ಹೊಳೆಯಿಂದ ಬರುವುದು ಅದರ ಮೇಲಿನ ಹೊರೆ. ಮತ್ತೆ ಮಂಡ್ಯ, ರಾಯಚೂರಿನ ಗೊಬ್ಬರ ನಿಮ್ಮ ಕಡಲಿಗೆ ಬರುವುದೇ ಇಲ್ಲ, ಕಾವೇರಿ, ಕೃಷ್ಣೆ ಎರಡೂ ಬಂಗಾಳ ಕೊಲ್ಲಿಗೆ ಹೋಗುತ್ತವೆ. ನಿಮಗೆ ಸ್ವರ್ಣಾ, ಸೀತಾ ಥರದ ಚಿಕ್ಕ ನದಿಗಳು, ಜೊತೆಗೆ ಊರಿನ ಚರಂಡಿ ನೀರು.

ಅಲೆಮಾರಿ: ತಡೆಯೋಕಾಗುತ್ತೆ, ಕಪ್ಪು ಸಮುದ್ರ ನೋಡಿ. 1970, 80ರ ದಶಕದಲ್ಲಿ ಯುರೋಪಿನ ಡ್ಯಾನ್ಯೂಬ್ ನದಿ ಹೊಲದ ಗೊಬ್ಬರ, ದನ ಹಂದಿಗಳ ಗಲೀಜು ಎಲ್ಲವನ್ನೂ ತಂದು ಸುರಿಯಿತು. ಪಾಚಿ ಬೆಳೆದು, ಸತ್ತು, ತಳದಲ್ಲಿ ಕೊಳೆಯುತ್ತಾ ಅಲ್ಲಿದ್ದ ಆಮ್ಲಜನಕವನ್ನೆಲ್ಲ ತಿಂದು ಹಾಕಿತು, ತಳದ ಮೀನು, ಚಿಪ್ಪು ರಾಶಿರಾಶಿ ಸತ್ತವು. 1989ರ ನಂತರ ಅಲ್ಲಿನ ಕಮ್ಯುನಿಸ್ಟ್ ಸರಕಾರಗಳು ಬಿದ್ದವು, ಸಬ್ಸಿಡಿ ಹೋಯಿತು, ಗೊಬ್ಬರಕ್ಕೆ ದುಡ್ಡಿಲ್ಲ. 90ರ ದಶಕದ ನಡುವಿಗೆ ಕಡಲು ಬಹಳಷ್ಟು ಚೇತರಿಸಿಕೊಂಡಿತ್ತು. ಪರಿಸರದ ಮೇಲಿನ ಪ್ರೀತಿಗೆ ಯಾರೂ ಮಾಡಿದ್ದಲ್ಲ ಬಿಡಿ! ಬೇಕೂ ಅಂತ ಮಾಡಲು ಹೊರಟವರ ಕಥೆ ಅಮೆರಿಕದ ಮಿಸಿಸಿಪ್ಪಿ ನದಿಯದು. ಅದು ಸೇರುವ ಕೊಲ್ಲಿಯಲ್ಲಿ ಹೀಗೆ ಆಮ್ಲಜನಕ ಬತ್ತಿದ ಜಾಗವನ್ನು, ಅಂದರೆ ಸತ್ತ ವಲಯವನ್ನು, 2015ರೊಳಗೆ 5,000 ಚದರ ಕಿಮೀಗೆ ಇಳಿಸುತ್ತೇವೆ ಎಂದರು. 2017ರಲ್ಲಿ ಅದು 22,000 ದಾಟಿತು. ಗಡುವು ಈಗ 2035. ರೈತರು ಮನಸ್ಸಿದ್ದರೆ ಮಾಡಲಿ ಅಂತ ಬಿಟ್ಟರೆ ಇಷ್ಟೇ.

ಬೈಲುಗದ್ದೆ: ಎಲ್ಲಾ ಸರಿ, ಲೆಕ್ಕ ನೋಡಿ ಮಾರಾಯ್ರೇ. ಯೂರಿಯಾ 45 ಕೆಜಿ ಚೀಲಕ್ಕೆ 266 ರೂಪಾಯಿ ಚಿಲ್ಲರೆ, ರಂಜಕದ ಗೊಬ್ಬರ ಡಿಎಪಿ 50 ಕೆಜಿಗೆ 1,350. ಯಾರು ಯಾವುದನ್ನು ಜಾಸ್ತಿ ಎರಚುತ್ತಾರೆ? ಬರೀ ಬುದ್ಧಿ ಹೇಳಿದರೆ ಆಗುವುದಿಲ್ಲ. ನಾನೂ ಒಂದು ವರ್ಷ ನಾಟಿ ದಿನವೇ ಪೂರ್ತಿ ಯೂರಿಯಾ ಹಾಕಿದ್ದೆ, ರಾತ್ರಿ ಸುರಿದ ಮಳೆಗೆ ಗದ್ದೆ ತುಂಬಿ, ಬೆಳಿಗ್ಗೆ ನೋಡಿದರೆ ನನ್ನ ದುಡ್ಡು ತೋಡಿನಲ್ಲಿ ಹರಿದು ಹೋಗಿತ್ತು. ಈಗ ಮೂರು ಕಂತು: ನಾಟಿಗೆ ಅರ್ಧ, ಉಳಿದದ್ದು ತೆಂಡೆ ಒಡೆಯುವಾಗ ಮತ್ತು ತೆನೆ ಬರುವ ಮುಂಚೆ. ಮಳೆ ಬಿಡುವು ನೋಡಿ, ನೀರು ಬಸಿದು ಎರಚಿ, ಬದುವಿನ ಕಂಡಿಯನ್ನು ಎರಡು ದಿನ ಮುಚ್ಚಿಡುತ್ತೇನೆ. ಚೀಲವೂ ಕಡಿಮೆ ಸಾಕಾಗುತ್ತಿದೆ. ಕಡಲಿಗೋಸ್ಕರ ಅಲ್ಲ, ಜೇಬಿಗೋಸ್ಕರ.

ಕಡಲತಡಿ: ಮಾವನಿಗೆ ಓದಿ ಹೇಳಿದೆ. ಕಪ್ಪು ಸಮುದ್ರಕ್ಕೆ ಸುಮ್ನೆ ತಲೆಯಾಡಿಸಿದರು. ಚರಂಡಿ ನೀರು ಅಂದಾಗ ಮಾತ್ರ ಎದ್ದು ಕೂತು, "ನಾನು ಹತ್ತು ವರ್ಷದಿಂದ ಏನು ಹೇಳುತ್ತಿದ್ದೇನೆ ಮತ್ತೆ?" ಎಂದರು.