ನೂತನ ಮನಸ್ಸು: ಹೊಟ್ಟೆಕಿಚ್ಚಿನ ವಿಷಯದಲ್ಲಿ ದಿನಾ ಏನು ಮಾಡಬೇಕು?

ಸಾಸಿವೆಕಾಳು:
ಕರ್ತನಲ್ಲಿ ವಂದನೆಗಳು. ಯೌವನಸ್ಥರ ಕೂಟದಲ್ಲಿ ಮುಂದಿನ ವಾರ ರೋಮಾಪುರದವರಿಗೆ 12:2, ಅಂದರೆ ಲೋಕದ ನಡವಳಿಕೆ ಅನುಸರಿಸದೆ ನೂತನ ಮನಸ್ಸು ಹೊಂದಿ ಬದಲಾಗಿ ಎಂದು ಪೌಲ ಬರೆದ ಬೈಬಲ್ ವಚನ. ಪ್ರಸಂಗಗಳು ಬೇಕಾದಷ್ಟಿವೆ, ಆದರೆ ಸೋಮವಾರ ಬೆಳಿಗ್ಗೆ ಏನು ಮಾಡಬೇಕು ಅನ್ನುವುದನ್ನು ಹೇಳುವವರು ಕಡಿಮೆ. ಒಂದೇ ಉದಾಹರಣೆ ಹಿಡಿಯೋಣ: ಬೇರೆಯವರ ಗೃಹಪ್ರವೇಶ, ಕೆಲಸ, ಮದುವೆ ಸ್ಟೇಟಸ್ಸಿನಲ್ಲಿ ಕಂಡಾಗ ಏಳುವ ಹೊಟ್ಟೆಕಿಚ್ಚು. ಬರಬಾರದು ಅಂತ ಪ್ರಾರ್ಥಿಸಿದರೂ ಮತ್ತೆ ಬರುತ್ತದೆ. ಯಾವ ಕ್ರಮ ಹಿಡಿಯಬೇಕು?

ಓಲೆಗರಿ:
ಮೊದಲು ಆ ವಚನವನ್ನು ಅದರ ಜಾಗದಲ್ಲಿಟ್ಟು ಓದಿ. ನಮ್ಮ ಸತ್ಯವೇದದಲ್ಲಿ ‘ಪರಲೋಕಭಾವದವರಾಗಿರಿ’ ಎಂದಿರುವ ಕಡೆ ಗ್ರೀಕಿನಲ್ಲಿರುವುದು ‘ರೂಪಾಂತರ’ದ ಮಾತು. ಮತ್ತಾಯ 17:2ರಲ್ಲಿ ಬೆಟ್ಟದ ಮೇಲೆ ಯೇಸುವಿನ ರೂಪ ಬೇರೆಯಾಯಿತು ಅನ್ನುವುದಕ್ಕೂ ಅದೇ ಕ್ರಿಯಾಪದ. ಅದು ಕರ್ಮಣಿಯಲ್ಲಿದೆ, ವರ್ತಮಾನದಲ್ಲಿದೆ: ಬದಲಾಯಿಸುವವನು ದೇವರು, ಬದಲಾವಣೆ ನಡೆಯುತ್ತಲೇ ಇರುವಂಥದ್ದು. ಒಂದು ಉಪವಾಸ ಪ್ರಾರ್ಥನೆಯಲ್ಲಿ ಮುಗಿಯಲಿಲ್ಲ ಅಂತ ಯೌವನಸ್ಥರು ಎದೆಗುಂದದಿರಲಿ.

ಇನ್ನು 2ನೇ ವಚನಕ್ಕೇ ನಿಲ್ಲಬೇಡಿ. 3ನೇ ವಚನ ತನ್ನನ್ನು ತಾನು ಅಳೆದುಕೊಳ್ಳುವ ಬಗ್ಗೆ. 4ರಿಂದ 8 ಒಬ್ಬೊಬ್ಬರಿಗೆ ಒಂದೊಂದು ವರ. 15 ಸಂತೋಷಪಡುವವರ ಸಂಗಡ ಸಂತೋಷಪಡಿ. ಹೊಟ್ಟೆಕಿಚ್ಚಿಗೆ ಮದ್ದು ಅದೇ ಅಧ್ಯಾಯದಲ್ಲಿದೆ, ನಾವು ಅಲ್ಲಿವರೆಗೆ ಓದುವುದೇ ಇಲ್ಲ.

ದ್ರಾಕ್ಷಿಬಳ್ಳಿ:
ಬರಬಾರದು ಅಂತ ತಳ್ಳಿದಷ್ಟೂ ಮನಸ್ಸು ಅಲ್ಲೇ ಸುತ್ತುತ್ತದೆ. ಎಫೆಸದವರಿಗೆ 4:22-24ರಲ್ಲಿ ಪೌಲನ ಕ್ರಮ ಬೇರೆ: ಹಳೆಯದನ್ನು ಕಳಚು, ಮನಸ್ಸು ಹೊಸದಾಗಲಿ, ಹೊಸದನ್ನು ತೊಟ್ಟುಕೋ. 28ನೇ ವಚನದಲ್ಲಿ ಕಳ್ಳನಿಗೆ ಕದಿಯುವುದನ್ನು ಬಿಡು ಅಂದು ಸುಮ್ಮನಾಗುವುದಿಲ್ಲ. ಕೈಯಾರೆ ದುಡಿ, ಇಲ್ಲದವರಿಗೆ ಕೊಡು ಅನ್ನುತ್ತಾನೆ. ಕಳಚಿದ ಜಾಗ ಖಾಲಿ ಬಿಡುವಂತಿಲ್ಲ.

ಹೊಟ್ಟೆಕಿಚ್ಚಿಗೆ ಹೀಗೆ ಮಾಡಿಸಿ. ಯೋಚನೆ ಬಂದಾಗ ಅದು ಬಂದ ಮಾತಿನಲ್ಲೇ ಬರೆಯಲಿ, ಭಕ್ತಿಯ ಭಾಷೆಗೆ ತಿದ್ದಬಾರದು. ಉದಾಹರಣೆಗೆ: ‘ಅವರಿಗೆ ಮನೆ ಆಯ್ತು, ನನಗೆ ದೇವರು ಏನೂ ಕೊಡಲಿಲ್ಲ.’ ಈಗ ಅಡ್ಡಗೆರೆ ಎಳೆದು ಎರಡು ಮಾಡಿ. ‘ಮನೆ ಆಯ್ತು’ ನಿಜ. ‘ಏನೂ ಕೊಡಲಿಲ್ಲ’ ಸುಳ್ಳು. ಜಗಳ ಆಡಬೇಕಾದದ್ದು ಆ ಎರಡನೆಯ ತುಂಡಿನ ಜೊತೆ ಮಾತ್ರ. ಅದರ ಕೆಳಗೆ ದೇವರು ಕೊಟ್ಟ ಮೂರು ಸಂಗತಿ ಹೆಸರು ಹಿಡಿದು ಬರೆಯಲಿ. ಬರೀ ‘ಆರೋಗ್ಯ, ಕುಟುಂಬ’ ಅಂದರೆ ಸಾಲದು, ಆ ವಾರದ್ದೇ ಬೇಕು. ಆಮೇಲೆ ಅದೇ ದಿನ ಆ ವ್ಯಕ್ತಿಗೆ ಫೋನ್ ಮಾಡಿ ಶುಭಾಶಯ ಹೇಳಲಿ, ಹೆಸರು ಹೇಳಿ ಆಶೀರ್ವಾದ ಬೇಡಲಿ. ಮನಸ್ಸು ಒಪ್ಪಲಿ ಆಮೇಲೆ ಮಾಡುತ್ತೇನೆ ಅಂತ ಕಾದರೆ ಆಗುವುದಿಲ್ಲ.

ವಚನಕ್ಕೆ ಕೀರ್ತನೆ 73. ಒಟ್ಟು 28 ವಚನ, ಒಂದು ವಾರ ಸಾಕು. ಕೀರ್ತನೆಗಾರ ಆಸಾಫ 3ನೇ ವಚನದಲ್ಲೇ ಹೊಟ್ಟೆಕಿಚ್ಚನ್ನು ಒಪ್ಪಿಕೊಳ್ಳುತ್ತಾನೆ, 17ರಲ್ಲಿ ದೇವಾಲಯಕ್ಕೆ ಹೋದ ಮೇಲೆ ನೋಟ ತಿರುಗುತ್ತದೆ. ಬಾಯಿಪಾಠಕ್ಕೆ 25, 26 ಎರಡೇ. ಬೆಳಿಗ್ಗೆ ಹದಿನೈದು ನಿಮಿಷ, ಬಾಯಿಬಿಟ್ಟು ಓದಬೇಕು. ಕೀರ್ತನೆ 1:2ರಲ್ಲಿ ‘ಧ್ಯಾನ’ ಎಂದಿರುವುದಕ್ಕೆ ಹೀಬ್ರೂವಿನಲ್ಲಿ ‘ಹಾಗಾ’, ಅಂದರೆ ಮೆಲ್ಲಗೆ ಗುನುಗುವುದು. ಯೆಶಾಯ 31:4ರಲ್ಲಿ ಬೇಟೆಯ ಮೇಲೆ ಗುರುಗುಟ್ಟುವ ಸಿಂಹಕ್ಕೂ ಅದೇ ಮಾತು. ಕಣ್ಣು ಮುಚ್ಚಿ ಮನಸ್ಸು ಖಾಲಿ ಮಾಡುವುದಲ್ಲ, ಹಸು ಮೆಲುಕು ಹಾಕಿದಂತೆ.

ಜಪಮಣಿ:
ಕಥೋಲಿಕರಲ್ಲಿ ಇದಕ್ಕೆ ಹಳೆಯ ರೂಢಿಯೊಂದಿದೆ. ಸಂತ ಇಗ್ನೇಷಿಯಸ್ ಲೊಯೋಲ (1491–1556) ಹೇಳಿಕೊಟ್ಟದ್ದು: ಒಂದೇ ಒಂದು ದೋಷ ಆರಿಸಿಕೊಳ್ಳಿ. ಎದ್ದ ಕೂಡಲೇ ಅದರ ವಿಷಯದಲ್ಲಿ ಎಚ್ಚರವಿರಲಿ ಎಂದು ನಿರ್ಧಾರ. ಮಧ್ಯಾಹ್ನ ಊಟವಾದ ಮೇಲೆ ಗಂಟೆ ಗಂಟೆಯ ಲೆಕ್ಕ ತೆಗೆದು, ಎಡವಿದಷ್ಟು ಸಲ ಒಂದು ಗೆರೆಯ ಮೇಲೆ ಚುಕ್ಕೆ. ರಾತ್ರಿ ಎರಡನೆಯ ಗೆರೆಯ ಮೇಲೆ ಹಾಗೆಯೇ. ಎಡವಿದ ಕ್ಷಣದಲ್ಲಿ ಎದೆಯ ಮೇಲೆ ಕೈ. ಜನರ ನಡುವೆಯೂ ಯಾರಿಗೂ ತಿಳಿಯದಂತೆ ಮಾಡಬಹುದು. ನಿನ್ನೆಗೆ ಇವತ್ತು, ಹೋದ ವಾರಕ್ಕೆ ಈ ವಾರ ಹೋಲಿಸಿ ನೋಡುವುದು. ಮಧ್ಯಾಹ್ನದ ಲೆಕ್ಕ ಬಿಟ್ಟರೆ ರಾತ್ರಿ ಏನೂ ನೆನಪಿರುವುದಿಲ್ಲ, ಹೆಚ್ಚಿನವರು ಸೋಲುವುದು ಅಲ್ಲೇ.

ಸಾಸಿವೆಕಾಳು:
ಬಹಳ ಉಪಕಾರ. ಚುಕ್ಕೆ ಹೆಚ್ಚಾದರೆ ಕೆಲವರು ‘ನಾನು ರಕ್ಷಣೆ ಹೊಂದಿಲ್ಲ’ ಅಂತ ಕುಗ್ಗುತ್ತಾರಲ್ಲ?

ದ್ರಾಕ್ಷಿಬಳ್ಳಿ:
ಕುಗ್ಗುತ್ತಾರೆ. ಮೊದಲ ವಾರ ಚುಕ್ಕೆ ಹೆಚ್ಚುವುದು ಸಹಜ, ಗಮನ ಹರಿದದ್ದಕ್ಕೆ ಗುರುತು ಅದು. ಪುಟದ ಮೇಲ್ಗಡೆ ರೋಮಾಪುರದವರಿಗೆ 8:1 (ಕ್ರಿಸ್ತ ಯೇಸುವಿನಲ್ಲಿರುವವರಿಗೆ ಅಪರಾಧಿಗಳೆಂಬ ತೀರ್ಪು ಇಲ್ಲ ಎಂಬ ವಚನ) ಬರೆಸಿ ಶುರುಮಾಡಿ. ಐದಾರು ದೋಷ ಒಟ್ಟಿಗೆ ಹಿಡಿಯಲು ಬಿಡಬೇಡಿ. ಒಬ್ಬೊಬ್ಬರೇ ಮಾಡುವುದಕ್ಕಿಂತ ಇಬ್ಬಿಬ್ಬರ ಜೋಡಿ ಮಾಡಿ, ವಾರಕ್ಕೊಮ್ಮೆ ತೋರಿಸಿಕೊಳ್ಳಲಿ.

ಆದರೆ ಯಾರಿಗಾದರೂ ಎರಡು ವಾರದಿಂದ ನಿದ್ದೆ, ಊಟ ಸೇರದಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ ಈ ಬರವಣಿಗೆ, ಚುಕ್ಕೆ ಪಕ್ಕಕ್ಕಿಡಿ. ವಿಶ್ವಾಸ ಸಾಲದು ಅಂತ ಅವರಿಗೆ ಹೇಳಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ವೈದ್ಯರ ಬಳಿ ನೀವೇ ಜೊತೆಗೆ ಹೋಗಿ.