ಸ್ಟಡ್ ಇರಲಿ, ಅದರ ಥ್ರೆಡ್ಡಿಗೆ ಏನನ್ನೋಣ?

ಹಳೇ ಟ್ರಾಕ್ಟರ್ ಇಟ್ಟುಕೊಂಡವರಿಗಾಗಿ ಒಂದು ರಿಪೇರಿ ಟಿಪ್ಪಣಿ ಬರೆಯುತ್ತಿದ್ದೇನೆ. ಎಂಜಿನ್ ಬ್ಲಾಕಿನೊಳಗೆ ಮುರಿದು ಉಳಿದ ಸ್ಟಡ್ ತೆಗೆದು ಹೊಸದು ಕೂರಿಸುವುದು ಹೇಗೆ ಅನ್ನೋದು ವಿಷಯ. ಓದುವವರು ರೈತರು. ಹಾಗಾಗಿ ಗ್ಯಾರೇಜಿನಲ್ಲಿ ನಿಜಕ್ಕೂ ಆಡುವ ಮಾತೇ ಬೇಕು. ಕೆಲವು ಪದಗಳಲ್ಲಿ ನಿಮ್ಮ ಸಲಹೆ ಬೇಕಾಗಿದೆ.

ಸ್ಟಡ್ಡಿಗೆ ಕನ್ನಡ ಹುಡುಕುವ ಆಸೆ ನನಗಿಲ್ಲ. ‘ಗೂಟ’ ಅಂದರೆ ದನ ಕಟ್ಟುವುದು ನೆನಪಾಗುತ್ತದೆ. ‘ಕೀಲು’ ಒಳ್ಳೇ ಪದ. ಕಡೆಗೀಲು, ಕೀಲೆಣ್ಣೆ ಎಲ್ಲಾ ಬಂಡಿಯಿಂದಲೇ ಬಂದವು. ಆದರೆ ಬಂಡಿಯ ಕೀಲಿಗೆ ಥ್ರೆಡ್, ಅಂದರೆ ಮೈಸುತ್ತ ಕೊರೆದ ತಿರುಪಿನ ಗೆರೆ, ಇಲ್ಲ, ಅದನ್ನು ತೂರಿಸಿ ಎಳೆಯುತ್ತೇವೆ. ‘ಬೋಲ್ಟು’ ಅಂತ ಬರೆದರೆ ಇನ್ನೂ ತೊಂದರೆ. ಎಷ್ಟೋ ಕಡೆ ಎರಡಕ್ಕೂ ಬೋಲ್ಟು ಅಂತಲೇ ಅನ್ನುತ್ತಾರೆ, ನಿಜ. ಬೋಲ್ಟಿಗೆ ತಲೆ ಇರುತ್ತದೆ, ಸ್ಟಡ್ಡಿಗೆ ಇರುವುದಿಲ್ಲ. ಸ್ಟಡ್ಡಿನ ಎರಡೂ ತುದಿಗೆ ಥ್ರೆಡ್ ಇರುತ್ತದೆ, ಒಂದು ತುದಿ ಬ್ಲಾಕಿನಲ್ಲೇ ಕೂತಿರುತ್ತದೆ, ಇನ್ನೊಂದಕ್ಕೆ ನಟ್ಟು. ಹಳೇ ಎಂಜಿನ್ನುಗಳಲ್ಲಿ ಆ ಎರಡು ತುದಿಯ ಥ್ರೆಡ್ ಬೇರೆ ಬೇರೆ ಇರುವುದೂ ಉಂಟು. ಎರಕದ ಕಬ್ಬಿಣದೊಳಗೆ ಹೋಗುವ ಕಡೆ ದಪ್ಪ ಥ್ರೆಡ್, ನಟ್ಟಿನ ಕಡೆ ಸಣ್ಣ ಥ್ರೆಡ್. ಹಾಗಾಗಿ ‘ಸ್ಟಡ್’ ಅಂತಲೇ ಬರೆಯುತ್ತೇನೆ. ಅದು ಈಗ ನಮ್ಮದೇ ಪದ, ಅಲ್ವಾ?

ನಿಜವಾದ ಕಗ್ಗಂಟು ‘ಥ್ರೆಡ್’. ಶಬ್ದ ನೋಡಿ ‘ಎಳೆ’ ಅಥವಾ ‘ನೂಲು’ ಅಂದುಬಿಡುವುದು ಸುಲಭ. ಆದರೆ ಬಡಗಿ, ಕಮ್ಮಾರರ ಬಾಯಲ್ಲಿ ನೂಲು ಅಂದರೆ ಅಳತೆ. ಒಂದು ಇಂಚಿಗೆ ಎಂಟು ನೂಲು. ಹಾಗಾದರೆ 3/8 ಇಂಚಿನ ಸ್ಟಡ್ ‘ಮೂರು ನೂಲಿನ ಸ್ಟಡ್’. ಅದೇ ಸ್ಟಡ್ಡಿನ ದಪ್ಪ ಥ್ರೆಡ್ ಇಂಚಿಗೆ 16, ಸಣ್ಣದು ಇಂಚಿಗೆ 24. ಇದನ್ನು ‘ಮೂರು ನೂಲಿನ ಸ್ಟಡ್, ಇಂಚಿಗೆ ಹದಿನಾರು ನೂಲು’ ಅಂತ ಬರೆದರೆ ಓದಿದವನು ನಕ್ಕು ಪಕ್ಕಕ್ಕಿಡುತ್ತಾನೆ.

ಇಲ್ಲಿ ಅಳತೆ ತಪ್ಪಿದರೆ ನಷ್ಟ ಜಾಸ್ತಿ. ಮಾಸ್ಸಿ ಫರ್ಗುಸನ್ 35ಕ್ಕೆ ಬಂದ ಮೂರು ಸಿಲಿಂಡರಿನ ಪರ್ಕಿನ್ಸ್ ಥರದ ಹಳೇ ಎಂಜಿನ್ನುಗಳದ್ದು ಇಂಚಿನ ಲೆಕ್ಕ. ಮೂರು ನೂಲು ಅಂದರೆ 9.5 ಮಿಲಿಮೀಟರಿಗಿಂತ ಕೂದಲಷ್ಟು ಜಾಸ್ತಿ. ಕೈಗೆ ಸಿಕ್ಕ 10 ಮಿಲಿಮೀಟರಿನದು ‘ಹತ್ತತ್ರ ಇದೆ’ ಅಂತ ಪಾನಾ ಹಾಕಿ ಒತ್ತಿ ತಿರುಗಿಸಿದರೆ ಬ್ಲಾಕಿನ ತೂತೇ ಕೆಡುತ್ತದೆ.

ಹಿಂದಿ ಮೆಕ್ಯಾನಿಕ್‌ಗಳು ಥ್ರೆಡ್ಡಿಗೆ ‘ಚೂಡಿ’ ಅನ್ನುತ್ತಾರೆ, ಅಂದರೆ ಬಳೆ. ಸ್ಟಡ್ಡನ್ನು ಕಣ್ಣ ಹತ್ತಿರ ಹಿಡಿದು ನೋಡಿದರೆ ಕೈತುಂಬಾ ಬಳೆ ಇಟ್ಟ ಹಾಗೇ ಕಾಣುತ್ತದೆ. ಅಂಥ ಪದ ನಮಗಿಲ್ಲವಲ್ಲ ಅಂತ ಸ್ವಲ್ಪ ಹೊಟ್ಟೆಕಿಚ್ಚು ನನಗೆ. ತಮಿಳಿನವರು ‘ಮರೈ’ ಅನ್ನುತ್ತಾರೆ. ಅದನ್ನೇ ‘ಮರೆ’ ಅಂತ ಲೇತ್ ಅಂಗಡಿಗಳಲ್ಲಿ ಕೇಳಿದ್ದೇನೆ. ಆದರೆ ಬರಹದಲ್ಲಿ ‘ಮರೆ ಹೋಗಿದೆ’ ಅಂದರೆ ಏನೋ ಕಾಣೆಯಾಗಿದೆ ಅನ್ನಿಸಬಹುದು. ‘ತಿರುಪು’ ನಮ್ಮದೇ, ಆದರೆ ಅದು ಇಡೀ ಸ್ಕ್ರೂಗೆ ಅಂಟಿಕೊಂಡಿದೆ. ‘ಸುತ್ತು’ ಎಣಿಕೆಗೆ ಚೆನ್ನಾಗಿ ಒಗ್ಗುತ್ತದೆ. ಒಂದು ಸುತ್ತು ತಿರುಗಿಸಿದರೆ ಒಂದು ಥ್ರೆಡ್ ಒಳಗೆ ಹೋಗುತ್ತದೆ, ಹಾಗಾಗಿ ‘ಇಂಚಿಗೆ 16 ಸುತ್ತು’ ತಪ್ಪೇನಲ್ಲ. ‘ಸುತ್ತು ಸವೆದಿದೆ’ ಅಂದರೆ ಮಾತ್ರ ಅರ್ಥ ಆಗುವುದಿಲ್ಲ.

ಕ್ರಿಯಾಪದಗಳಲ್ಲಿ ಈ ಬಡತನವೇ ಇಲ್ಲ ನೋಡಿ. ತುಕ್ಕು ಹಿಡಿದ ಸ್ಟಡ್ ‘ಕಚ್ಚಿಕೊಂಡಿದೆ’. ಥ್ರೆಡ್ ಸವೆದ ನಟ್ಟು ‘ಸುಮ್ನೆ ಸುತ್ತುತ್ತೆ, ಬಿಗಿ ಹಿಡಿಯಲ್ಲ’. ಹೊಸ ಸ್ಟಡ್ಡನ್ನು ಮೊದಲು ‘ಕೈಬಿಗಿ’ ಮಾಡುತ್ತೇವೆ, ಆಮೇಲೆ ಎರಡು ನಟ್ಟು ಒಂದಕ್ಕೊಂದು ಬಿಗಿದು ಮೇಲಿನದಕ್ಕೆ ಪಾನಾ ಹಾಕುತ್ತೇವೆ. ಮುರಿದ ತುಂಡು ಮೇಲೆ ಸ್ವಲ್ಪ ಚಾಚಿದ್ದರೆ ಅದಕ್ಕೊಂದು ನಟ್ಟು ವೆಲ್ಡ್ ಮಾಡಿ, ಬಿಸಿ ಇರುವಾಗಲೇ ಹಿಂದೆ ಮುಂದೆ ‘ಅಲುಗಿಸಿ’ ತೆಗೆಯುತ್ತೇವೆ. ಒಳಗೇ ಮುರಿದಿದ್ದರೆ ನಡುಮಧ್ಯ ಪಂಚ್ ಹೊಡೆದು, ತೂತು ಕೊರೆದು, ಎಡಕ್ಕೆ ತಿರುಗಿದಷ್ಟೂ ಕಚ್ಚುವ ಎಕ್ಸ್‌ಟ್ರಾಕ್ಟರ್ ಹಾಕಬೇಕು. ಜೋರು ಮಾಡಿ ಅದೂ ಒಳಗೆ ಮುರಿದರೆ ಮುಗೀತು, ಅಷ್ಟು ಗಟ್ಟಿ ಉಕ್ಕಿಗೆ ಮಾಮೂಲಿ ಡ್ರಿಲ್ ಬಿಟ್ ಇಳಿಯುವುದೇ ಇಲ್ಲ. ಡ್ರಿಲ್ಲಿಗೆ ‘ಬೈರಿಗೆ’ ಇದೆ, ಆದರೆ ಅದು ಮರದ ಕೆಲಸದವರ ವಾಸನೆ ಬಿಟ್ಟಿಲ್ಲ.

ಇನ್ನೊಂದು ಸಣ್ಣ ಅನುಮಾನ. ಸ್ಟಡ್ ‘ಮುರಿದಿದೆ’ ಅನ್ನಬೇಕಾ, ‘ತುಂಡಾಗಿದೆ’ ಅನ್ನಬೇಕಾ, ‘ಕಟ್ಟಾಗಿದೆ’ ಅನ್ನಬೇಕಾ? ನನ್ನ ಕಿವಿಗೆ ಕಟ್ಟಾಗಿದೆ ಅಂದರೆ ಬಿಗಿಯುವಾಗ ತಿರುಚಿ ಹೋದದ್ದು, ಮುರಿದಿದೆ ಅಂದರೆ ಪೆಟ್ಟು ಬಿದ್ದದ್ದು. ಈ ವ್ಯತ್ಯಾಸ ಎಲ್ಲ ಕಡೆ ಇದೆಯಾ, ಅಥವಾ ನಮ್ಮ ಕಡೆಯದ್ದು ಮಾತ್ರವಾ?

ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು, ಮಂಡ್ಯದವರು, ನಿಮ್ಮೂರಿನ ಲೇತ್ ಅಂಗಡಿಯಲ್ಲಿ ಥ್ರೆಡ್ಡಿಗೆ ಏನಂತಾರೆ? ‘ಥ್ರೆಡ್ ಹೋಗಿದೆ, ಹೊಸದಾಗಿ ಹೊಡೆದುಕೊಡಿ’ ಅನ್ನುವುದನ್ನು ಅವರ ಮಾತಲ್ಲೇ ಪೂರ್ತಿ ಬರೆದು ತಿಳಿಸಿ. ಬರೀ ಪದ ಬೇಡ, ಇಡೀ ವಾಕ್ಯ ಬೇಕು.