ಸಹಾಯ ಬೇಕು: ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಹೊರರಾಜ್ಯದ ಫೀಸ್ ರಿಯಾಯಿತಿ ಸಿಗುತ್ತಾ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಅರಿಜೋನಾದಲ್ಲಿ. ಮಗಳು ಎಚ್-4ನಲ್ಲಿದ್ದಾಳೆ, ಅಂದರೆ ಅಮೆರಿಕದಲ್ಲಿ ತಾತ್ಕಾಲಿಕ ಕೆಲಸದ ವೀಸಾದಲ್ಲಿರುವವರ ಕುಟುಂಬಕ್ಕೆ ಕೊಡುವ ವೀಸಾ. ಅವಳು ಕೊಲರಾಡೋದ ಸರ್ಕಾರಿ ಯೂನಿವರ್ಸಿಟಿಯೊಂದಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಹೊರರಾಜ್ಯದವರಿಗೆ ಫೀಸ್ ತುಂಬಾ ಜಾಸ್ತಿ ಅಲ್ವಾ? ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್ (ಪಶ್ಚಿಮದ ರಾಜ್ಯಗಳ ವಿದ್ಯಾರ್ಥಿಗಳಿಗೆ ಇರುವ ಫೀಸ್ ರಿಯಾಯಿತಿ ಯೋಜನೆ) ಸಿಕ್ಕರೆ ಟ್ಯೂಷನ್ ಫೀಸ್ ಸ್ಥಳೀಯರು ಕಟ್ಟುವುದರ 150% ಮೀರುವುದಿಲ್ಲ. ಎಚ್-4 ಆದ್ದರಿಂದ ಅವಳಿಗೆ ಫೆಡರಲ್ (ಕೇಂದ್ರ ಸರ್ಕಾರದ) ನೆರವು ಸಿಗುವುದಿಲ್ಲ. ಹಾಗಾಗಿ ನಮಗೆ ಇದೊಂದೇ ಆಸೆ.

ಅಡ್ಮಿಷನ್ ಆಫೀಸಿಗೆ ಫೋನ್ ಮಾಡಿದೆ. ಒಬ್ಬರು ಅರಿಜೋನಾ ನಿವಾಸಿಯಾಗಿದ್ದರೆ ಸಾಕು ಎಂದರು. ಇನ್ನೊಬ್ಬರು ವೀಸಾ ನೋಡಬೇಕು ಎಂದರು. ಮೇಲ್‌ಗೆ ಉತ್ತರವೇ ಬಂದಿಲ್ಲ. ಅರ್ಜಿಯಲ್ಲೂ ಇದಕ್ಕೆ ಬೇರೆ ಕಾಲಂ ಕಾಣಲಿಲ್ಲ. ಅವಳು ತುಂಬಾ ಆಸೆ ಇಟ್ಟುಕೊಂಡಿದ್ದಾಳೆ.

ಎಚ್-4ನಲ್ಲಿರುವ ನಿಮ್ಮ ಮಕ್ಕಳಿಗೆ ಈ ರಿಯಾಯಿತಿ ಸಿಕ್ಕಿದೆಯಾ? ಸಿಕ್ಕಿದ್ದರೆ ಬೇರೆ ಅರ್ಜಿ ಹಾಕಿದಿರಾ, ಇಲ್ಲ ಸೀಟಿನ ಜೊತೆಗೇ ಬಂತಾ?